ಮುಂಬೈಯಲ್ಲಿ ನಟರಿಗೊಂದು ಉಚಿತ ತಾಲೀಮು ಮನೆ: ಶುರು ಮಾಡುವುದು ಹೇಗೆ, ನಡೆಸುವುದು ಹೇಗೆ

ನಮ್ಮ ಬೆಳಗಾವಿ ಕಡೆ ನಾಟಕದ ರಿಹರ್ಸಲ್‌ಗೂ ತಾಲೀಮು ಅಂತಾರೆ, ಕುಸ್ತಿಯ ಗರಡಿಗೂ ತಾಲೀಮು ಅಂತಾರೆ. ನಾನು ಬೆಳೆದದ್ದು ಅಂಥ ಒಂದು ಗರಡಿಯ ಎದುರು ಮನೆಯಲ್ಲಿ. ಪೈಲ್ವಾನರು ಬೆಳಗಿನ ಜಾವ ಬರುತ್ತಿದ್ದರು. ಮುಂದಿನ ಕುಸ್ತಿ ಯಾವ ಜಾತ್ರೆಯಲ್ಲಿ ಅಂತ ಗೊತ್ತಿರಲಿ ಇಲ್ಲದಿರಲಿ, ಬಂದು ಮಣ್ಣು ಹದ ಮಾಡಿ, ಸಾಮು ತೆಗೆದು, ಜೋಡಿ ಹಿಡಿದು, ಬೆವರು ಒರೆಸಿಕೊಂಡು ಹೋಗುತ್ತಿದ್ದರು. ಯಾರೂ ಫೀಸು ಕೇಳುತ್ತಿರಲಿಲ್ಲ.

ಮುಂಬೈಗೆ ಬಂದ ಮೇಲೆ ನನಗೆ ಕಾಡಿದ್ದು ಇದೇ. ಗಾಯಕರಿಗೆ ದಿನಾ ರಿಯಾಜ್ ಇದೆ, ಪೈಲ್ವಾನರಿಗೆ ಗರಡಿ ಇದೆ, ನಟರಿಗೆ ಏನಿದೆ? ವರ್ಸೋವಾದ ಆರಾಮ್ ನಗರದಲ್ಲಿ ಆಡಿಷನ್‌ಗೆ ಸಾಲು ನಿಲ್ಲುತ್ತೇವೆ, ಎರಡು ನಿಮಿಷ ಕ್ಯಾಮೆರಾ ಮುಂದೆ ಮಾತಾಡುತ್ತೇವೆ, ಮನೆಗೆ ಬರುತ್ತೇವೆ. ಆಮೇಲೆ ಮುಂದಿನ ಫೋನ್ ಬರುವವರೆಗೆ ಸುಮ್ನೆ ಕೂರುವುದು. ವರ್ಕ್‌ಶಾಪ್‌ಗೆ ಹೋಗಲು ದುಡ್ಡು ಬೇಕು. ಹಾಲ್ ಬಾಡಿಗೆಗೆ ತೆಗೆದುಕೊಂಡರೆ ಗಂಟೆಯ ಲೆಕ್ಕ. ಕೆಲಸ ಇಲ್ಲದ ತಿಂಗಳಲ್ಲೇ ತಾಲೀಮು ಜಾಸ್ತಿ ಬೇಕಾಗುವುದು, ಆ ತಿಂಗಳಲ್ಲೇ ಕೈಯಲ್ಲಿ ದುಡ್ಡು ಇರುವುದಿಲ್ಲ.

ಅದಕ್ಕೇ ನಾವು ಆರು ಜನ ಸೇರಿ ವಾರಕ್ಕೆ ಎರಡು ದಿನ ಒಂದು ಉಚಿತ ತಾಲೀಮು ಶುರು ಮಾಡಿದೆವು. ನಡುವೆ ಎರಡು ಸಲ ನಿಂತೂ ಹೋಯಿತು. ಮೂರನೇ ಸಲ ಹೇಗೆ ಗಟ್ಟಿಯಾಗಿ ಉಳಿಯಿತು, ಮೊದಲೆರಡು ಸಲ ಯಾವುದರಿಂದ ಕೆಟ್ಟಿತ್ತು ಅನ್ನೋದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಮುಂಬೈಯಲ್ಲಿರುವ ಕನ್ನಡದ ನಟ ನಟಿಯರು ಯಾರಾದರೂ ಇದನ್ನು ಓದಿ ತಮ್ಮ ಏರಿಯಾದಲ್ಲಿ ಇನ್ನೊಂದು ಶುರು ಮಾಡಲಿ ಅನ್ನೋದು ನನ್ನ ಆಸೆ.

ಇದು ಹೊಸ ವಿಚಾರ ಅಲ್ಲ. ನ್ಯೂಯಾರ್ಕಿನಲ್ಲಿ 1947ರಲ್ಲಿ ಶುರುವಾದ ಆಕ್ಟರ್ಸ್ ಸ್ಟುಡಿಯೋ ಇದೇ ಯೋಚನೆಯ ಮೇಲೆ ನಿಂತದ್ದು. ಆಡಿಷನ್ ಕೊಟ್ಟು ಒಮ್ಮೆ ಸದಸ್ಯರಾದರೆ ಜೀವನಪೂರ್ತಿ ಸದಸ್ಯರು, ಫೀಸು ಇಲ್ಲ. ಹೆಸರು ಮಾಡಿದ ನಟರೂ ಅಲ್ಲಿ ಬಂದು ತಪ್ಪು ಮಾಡಲು ಜಾಗ ಇತ್ತು. ಅಷ್ಟು ದೂರ ಯಾಕೆ, ನಮ್ಮ ದಾದರ್‌ನ ಛಬಿಲ್‌ದಾಸ್ ಶಾಲೆಯನ್ನೇ ನೋಡಿ. 1970ರ ದಶಕದಲ್ಲಿ ಅರವಿಂದ ದೇಶಪಾಂಡೆ, ಸುಲಭಾ ದೇಶಪಾಂಡೆಯವರ ಆವಿಷ್ಕಾರ್ ತಂಡ ಆ ಶಾಲೆಯ ಹಾಲ್‌ನಲ್ಲಿ ನಾಟಕ ಮಾಡಿತು, ಮರಾಠಿ ಪ್ರಾಯೋಗಿಕ ರಂಗಭೂಮಿಯ ಒಂದು ಇಡೀ ಕಾಲಕ್ಕೆ ಆ ಶಾಲೆಯ ಹೆಸರೇ ಬಂತು. ಸಾದಾ ಶಾಲೆಯ ಹಾಲ್ ಅದು. ಅನಂತ್ ನಾಗ್, ಶಂಕರ್ ನಾಗ್ ಇಬ್ಬರೂ ಸಿನಿಮಾಕ್ಕೆ ಹೋಗುವ ಮೊದಲು ಇದೇ ಊರಿನ ನಾಟಕದ ತಾಲೀಮುಗಳಲ್ಲಿ ಪಳಗಿದವರು.

ಜಾಗ ಹುಡುಕುವುದು

ಖಾಲಿ ಕಟ್ಟಡ ಹುಡುಕಬೇಡಿ, ಮುಂಬೈಯಲ್ಲಿ ಅದು ಸಿಗುವುದಿಲ್ಲ. ಖಾಲಿ ಹೊತ್ತು ಹುಡುಕಿ. ಈ ಊರಿನಲ್ಲಿ ಎಷ್ಟೋ ಹಾಲ್‌ಗಳು ದಿನದಲ್ಲಿ ಮೂರು ನಾಲ್ಕು ಗಂಟೆ ಬೀಗ ಹಾಕಿಕೊಂಡು ಕೂತಿರುತ್ತವೆ.

ಮೊದಲು ನಮ್ಮವರನ್ನೇ ನೋಡಿ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಕರ್ನಾಟಕ ಸಂಘ ಇದೆ. ಉಪನಗರಗಳಲ್ಲಿ ಬೇರೆ ಬೇರೆ ಕನ್ನಡ ಸಂಘಗಳಿವೆ, ತುಳುನಾಡಿನ ಸಮಾಜಗಳ ಭವನಗಳಿವೆ. ದೊಡ್ಡ ಸಭಾಗೃಹ ಕೇಳಬೇಡಿ, ಅದು ಅವರ ಆದಾಯ. ಮೇಲಿನ ಮಹಡಿಯ ಮೀಟಿಂಗ್ ರೂಮು, ಲೈಬ್ರರಿಯ ಪಕ್ಕದ ಕೋಣೆ, ಹಳೆಯ ಕುರ್ಚಿ ಪೇರಿಸಿಟ್ಟ ಸ್ಟೋರ್ ಇರುತ್ತದಲ್ಲ, ಅದನ್ನು ಕೇಳಿ. ಹತ್ತು ಜನ ಕೈ ಚಾಚಿ ತಿರುಗಿದರೆ ಒಬ್ಬರಿಗೊಬ್ಬರು ತಾಗದಷ್ಟು ನೆಲ ಇದ್ದರೆ ಸಾಕು.

ಎರಡನೆಯದು ಶಾಲೆ. ರಾತ್ರಿ ಶಾಲೆಗಳ ಕೋಣೆ ಹಗಲು ಖಾಲಿ ಇರಬಹುದು, ಹಗಲು ಶಾಲೆಯದು ಸಂಜೆ ಮೇಲೆ. ಖಾಸಗಿ ಟ್ರಸ್ಟಿನ ಶಾಲೆ ಆದರೆ ಹೆಡ್‌ಮಾಸ್ತರ್ ಮತ್ತು ಟ್ರಸ್ಟಿನವರ ಜೊತೆ ಮಾತಾಡಿದರೆ ಆಯಿತು. ಮುನಿಸಿಪಾಲಿಟಿ ಶಾಲೆಗೆ ಮೇಲಿನಿಂದ ಪರವಾನಗಿ ಬೇಕು, ಅದಕ್ಕೆ ಕಾಯುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ.

ಮೂರನೆಯದು ಡ್ಯಾನ್ಸ್ ಕ್ಲಾಸುಗಳು. ಮಕ್ಕಳು ಶಾಲೆ ಬಿಟ್ಟು ಬರುವವರೆಗೆ ಅವು ಖಾಲಿ. ನೆಲ ಚೆನ್ನಾಗಿರುತ್ತದೆ, ಕನ್ನಡಿ ಇರುತ್ತದೆ. ಕನ್ನಡಿಗೆ ಮಾತ್ರ ಬೆಡ್‌ಶೀಟ್ ಹಾಕಿ, ಇಲ್ಲದಿದ್ದರೆ ಎಲ್ಲರೂ ತಮ್ಮನ್ನೇ ನೋಡಿಕೊಳ್ಳುತ್ತಾರೆ, ಎದುರಿನ ನಟನನ್ನು ನೋಡುವುದಿಲ್ಲ.

ಇನ್ನೊಂದು ಜಾಗ ಯಾರ ತಲೆಗೂ ಬರುವುದಿಲ್ಲ. ಉಡುಪಿ ಹೋಟೆಲಿನ ಮೇಲಿನ ಪಾರ್ಟಿ ಹಾಲ್! ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಜೋರಾಗುವ ಮೊದಲು ಅಲ್ಲಿ ಯಾರೂ ಇರುವುದಿಲ್ಲ. ನಮ್ಮ ಮೊದಲ ತಾಲೀಮು ನಡೆದದ್ದು ಅಂಥ ಒಂದು ಹಾಲ್‌ನಲ್ಲೇ, ಗಲ್ಲಾದಲ್ಲಿ ಕೂತ ಶೆಟ್ಟರು ಚಿಕ್ಕಂದಿನಲ್ಲಿ ಯಕ್ಷಗಾನದಲ್ಲಿ ಬಾಲಗೋಪಾಲ ವೇಷ ಹಾಕಿದವರು, ನಟರು ಅಂದ ಕೂಡಲೇ ಬೇರೇನೂ ಕೇಳದೆ ಕೀ ಕೊಟ್ಟರು.

ಸಿಕ್ಕ ಜಾಗವನ್ನು ಒಪ್ಪಿಕೊಳ್ಳುವ ಮೊದಲು ರೈಲು ನೋಡಿ. ನಟರು ಹೆಚ್ಚಾಗಿ ಇರುವುದು ಅಂಧೇರಿ, ಗೋರೆಗಾಂವ್, ಮಾಲಾಡ್, ಮೀರಾ ರೋಡ್ ಕಡೆ. ವೆಸ್ಟರ್ನ್ ಲೈನಿನ ಮಾಟುಂಗಾ ರೋಡಿನಲ್ಲಿ ನಿಲ್ಲುವುದು ಸ್ಲೋ ಗಾಡಿ ಮಾತ್ರ. ಬೆಳಗ್ಗೆ ಚರ್ಚ್‌ಗೇಟ್ ಕಡೆ, ಸಂಜೆ ವಿರಾರ್ ಕಡೆ ಹೋಗುವ ಗದ್ದಲದಲ್ಲಿ ಸಿಕ್ಕಿಕೊಂಡು ಬಂದವರ ಮೈಯಲ್ಲಿ ತಾಲೀಮಿಗೆ ಏನೂ ಉಳಿದಿರುವುದಿಲ್ಲ. ನಾವು ಒಂದೂವರೆಯಿಂದ ನಾಲ್ಕೂವರೆ ಇಟ್ಟುಕೊಂಡೆವು. ಹೋಗುವಾಗಲೂ ಬರುವಾಗಲೂ ಕೂರಲು ಸೀಟು ಸಿಗುತ್ತದೆ, ದಾರಿಯಲ್ಲೇ ಮಾತು ಕಂಠಪಾಠ ಮಾಡಿಕೊಳ್ಳಬಹುದು.

ಕೇಳುವುದು ಹೇಗೆ

ಬಾಯಿ ಮಾತಿನಲ್ಲಿ ಕೇಳಿದರೆ ಬಾಯಿ ಮಾತಿನಲ್ಲೇ "ನೋಡೋಣ" ಅಂತಾರೆ. ಒಂದು ಪುಟದ ಪತ್ರ ಬರೆಯಿರಿ. ಸಂಘಕ್ಕಾದರೆ ಕನ್ನಡದಲ್ಲಿ, ಕೈಯಲ್ಲೇ ಬರೆದರೂ ಆಗುತ್ತದೆ. ನಾವು ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

"ಮಾನ್ಯ ಕಾರ್ಯದರ್ಶಿಗಳಿಗೆ ನಮಸ್ಕಾರ. ನಾವು ಮುಂಬೈಯಲ್ಲಿ ನಾಟಕ, ಸೀರಿಯಲ್, ಜಾಹೀರಾತುಗಳಲ್ಲಿ ಕೆಲಸ ಮಾಡುವ ಆರು ಜನ ನಟರು. ತಮ್ಮ ಮೂರನೇ ಮಹಡಿಯ ಕೋಣೆಯನ್ನು ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ 1.30ರಿಂದ 4.30ರವರೆಗೆ ಮೂರು ತಿಂಗಳ ಮಟ್ಟಿಗೆ ತಾಲೀಮಿಗೆ ಕೊಡಬೇಕೆಂದು ಕೋರುತ್ತೇವೆ. ಹೆಚ್ಚೆಂದರೆ ಹದಿನೈದು ಜನ ಇರುತ್ತೇವೆ. ಮೈಕು, ಸ್ಪೀಕರ್ ಬಳಸುವುದಿಲ್ಲ. ಯಾರಿಂದಲೂ ಹಣ ಪಡೆಯುವುದಿಲ್ಲ, ಪ್ರದರ್ಶನ ಮಾಡುವುದಿಲ್ಲ. ಪ್ರತಿ ಸಲ ಕೋಣೆ ಗುಡಿಸಿ, ಫ್ಯಾನು ಲೈಟು ಆರಿಸಿ, ಬೀಗದ ಕೈಯನ್ನು ವಾಚ್‌ಮನ್ ಕೈಗೆ ಕೊಡುತ್ತೇವೆ. ಸಂಘದ ಕಾರ್ಯಕ್ರಮ ಇದ್ದ ದಿನ ಹಿಂದಿನ ದಿನ ತಿಳಿಸಿದರೂ ಸಾಕು, ನಾವು ಬರುವುದಿಲ್ಲ."

ಕೆಳಗೆ ಇಬ್ಬರ ಹೆಸರು, ಫೋನ್ ನಂಬರು, ಆಧಾರ್ ಝೆರಾಕ್ಸ್. ಮೂರು ತಿಂಗಳು ಅಂತ ಬರೆಯುವುದನ್ನು ಮರೆಯಬೇಡಿ. ಕೊನೆ ಇಲ್ಲದ್ದಕ್ಕೆ ಕಮಿಟಿಯವರು ಹೆದರುತ್ತಾರೆ, ಮೂರು ತಿಂಗಳಿಗೆ ಹೂಂ ಅನ್ನುತ್ತಾರೆ. ಮೂರು ತಿಂಗಳು ನೆಟ್ಟಗೆ ನಡೆಸಿದರೆ ಯಾರೂ ಬಿಡಿಸಲು ಬರುವುದಿಲ್ಲ.

ನಮ್ಮ ಪತ್ರ ಓದಿದ ಕಾರ್ಯದರ್ಶಿಗಳು ಮಂಗಳೂರು ಕಡೆಯವರು. "ಎಲ್ಲ ಸರಿ ಮಾರಾಯಾ, ಫ್ಯಾನಿನ ಕರೆಂಟು ಯಾರು ಕೊಡುವುದು?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಉಚಿತ ಅಂದರೆ ಯಾರೋ ಒಬ್ಬರು ಖರ್ಚು ಹೊರುತ್ತಿದ್ದಾರೆ ಅಂತಲೇ ಅರ್ಥ. ನಮ್ಮಲ್ಲಿ ದುಡ್ಡಿಲ್ಲ, ಕಂಠ ಇದೆ. ನವೆಂಬರ್ 1ಕ್ಕೆ ಕವಿತೆ ಓದುತ್ತೇವೆ, ಮೇ ರಜೆಯಲ್ಲಿ ಸಂಘದ ಮಕ್ಕಳಿಗೆ ಐದು ದಿನ ಕನ್ನಡದಲ್ಲಿ ನಾಟಕದ ಆಟ ಆಡಿಸುತ್ತೇವೆ ಅಂತ ಒಪ್ಪಿಕೊಂಡೆವು. ಎರಡನ್ನೂ ಮಾಡಿದೆವು. ಇದು ಬಹಳ ಮುಖ್ಯ. ಮುಂಬೈಯಲ್ಲೇ ಹುಟ್ಟಿ ಮನೆಯಲ್ಲಿ ಮಾತ್ರ ಕನ್ನಡ ಆಡುವ ಮಕ್ಕಳು ಆ ಐದು ದಿನ ಗಂಟಲು ಬಿಟ್ಟು ಕನ್ನಡ ಕೂಗಿದ್ದನ್ನು ನೋಡಿ ಕಮಿಟಿಯವರೇ ನಮಗೆ ಇನ್ನೊಂದು ಫ್ಯಾನ್ ಹಾಕಿಸಿಕೊಟ್ಟರು.

ವಾಚ್‌ಮನ್ ಜೊತೆ ಚೆನ್ನಾಗಿರಿ. ಕಮಿಟಿ ಪರವಾನಗಿ ಕೊಡಬಹುದು, ಬಾಗಿಲು ತೆಗೆಯುವವರು ಅವರೇ. ಮೊದಲ ದಿನವೇ ಎಲ್ಲರೂ ಹೆಸರು ಹೇಳಿ ಪರಿಚಯ ಮಾಡಿಕೊಳ್ಳಿ. ಜಗಳದ ದೃಶ್ಯ ಅಥವಾ ಅಳುವ ದೃಶ್ಯ ಇದ್ದರೆ ಮೊದಲೇ ಅವರಿಗೆ ಹೇಳಿ, ಇಲ್ಲದಿದ್ದರೆ ಪಾಪ, ಓಡಿ ಬರುತ್ತಾರೆ.

ಹೌಸಿಂಗ್ ಸೊಸೈಟಿಯ ಹಾಲ್ ಆದರೆ ಮ್ಯಾನೇಜಿಂಗ್ ಕಮಿಟಿಯ ಒಪ್ಪಿಗೆ ಬರಹದಲ್ಲೇ ಬೇಕು. ಶಬ್ದದ ಬಗ್ಗೆ ದೂರು ಬಂದೇ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಅಂತ ಮಿತಿ ಇದೆ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ರಾತ್ರಿ ಅಂತ ಲೆಕ್ಕ. ಆದರೆ ನಿಯಮ ತೋರಿಸಿ ವಾದ ಮಾಡಲು ಹೋಗಬೇಡಿ. ಕಿಟಕಿ ಮುಚ್ಚಿ, ಕೂಗುವ ಅಭ್ಯಾಸವನ್ನು ಕಡಲ ತೀರಕ್ಕೆ ಇಟ್ಟುಕೊಳ್ಳಿ. ವರ್ಸೋವಾ ಬೀಚಿನಲ್ಲಿ ಬೆಳಗ್ಗೆ ಅಲೆಯ ಸದ್ದಿನ ಮೇಲೆ ನಿಮ್ಮ ಮಾತು ಹತ್ತು ಮಾರು ಆಚೆ ಕೇಳುವಂತೆ, ಗಂಟಲು ಕೆರೆಯದಂತೆ ಹೇಳಿ ನೋಡಿ. ಅದಕ್ಕಿಂತ ಒಳ್ಳೆಯ ಧ್ವನಿ ಮಾಸ್ತರ್ ಇಲ್ಲ.

ನಿಯಮ ಕಡಿಮೆ ಇರಲಿ, ಗಟ್ಟಿ ಇರಲಿ

ಮೊದಲ ಸಲ ನಮ್ಮದು ಯಾಕೆ ನಿಂತಿತು ಗೊತ್ತಾ? "ಎಲ್ಲರಿಗೂ ಅನುಕೂಲ ಆದ ದಿನ ಸೇರೋಣ" ಅಂದುಕೊಂಡಿದ್ದೆವು. ವಾಟ್ಸಾಪಿನಲ್ಲಿ ದಿನ ಗೊತ್ತು ಮಾಡುವುದರಲ್ಲೇ ತಿಂಗಳು ಕಳೆಯಿತು. ಈಗ ದಿನ, ಹೊತ್ತು ಬದಲಾಗುವುದಿಲ್ಲ. ಇಬ್ಬರೇ ಬಂದರೂ ತಾಲೀಮು ನಡೆಯುತ್ತದೆ. ಯಾರದೋ ಶೂಟಿಂಗ್ ಇದೆ ಅಂತ ಮುಂದಕ್ಕೆ ಹಾಕುವುದಿಲ್ಲ. ಮಂಗಳವಾರ ಅಲ್ಲಿ ಬಾಗಿಲು ತೆಗೆದಿರುತ್ತದೆ ಅನ್ನೋ ನಂಬಿಕೆ ಒಂದಿದ್ದರೆ, ಮೂರು ತಿಂಗಳು ಸೀರಿಯಲ್ ಮಾಡಿ ಬಂದವರೂ ನೇರ ಬಂದು ನೆಲ ಗುಡಿಸಲು ನಿಲ್ಲುತ್ತಾರೆ.

ಎರಡನೇ ಸಲ ಕೆಟ್ಟದ್ದು ದುಡ್ಡಿನಿಂದ. ಒಂದು ಸ್ಟುಡಿಯೋದವರು "ನಮ್ಮಲ್ಲಿ ಬನ್ನಿ, ಜಾಗ ಫ್ರೀ" ಅಂದರು. ಹೋದೆವು. ಒಂದು ತಿಂಗಳು ಆದ ಮೇಲೆ ಅವರ ಕ್ಯಾಮೆರಾ ವರ್ಕ್‌ಶಾಪಿನ ಪಾಂಪ್ಲೆಟ್ ಬಂತು, ಆಮೇಲೆ ಪೋರ್ಟ್‌ಫೋಲಿಯೋ ಪ್ಯಾಕೇಜ್, ಆಮೇಲೆ "ಕಾಸ್ಟಿಂಗ್ ಡೈರೆಕ್ಟರ್ ಬಂದು ನೋಡ್ತಾರೆ, ಅದಕ್ಕೆ ಇಷ್ಟು ಕೊಡಿ". ನಮ್ಮಲ್ಲಿ ಇಬ್ಬರು ಹೊಸಬರು ಸಾಲ ಮಾಡಿ ಕೊಟ್ಟರು. ಯಾರೂ ಬಂದು ನೋಡಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸರಿಯಾದ ಕಾಸ್ಟಿಂಗ್‌ನವರು, ಅಂದರೆ ಪಾತ್ರಕ್ಕೆ ನಟರನ್ನು ಆರಿಸುವವರು, ಆಡಿಷನ್‌ಗೆ ನಟರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಿ. ಅಂದಿನಿಂದ ನಮ್ಮ ತಾಲೀಮಿನಲ್ಲಿ ದುಡ್ಡು ಕೈ ಬದಲಾಗುವುದೇ ಇಲ್ಲ. ಚಹಾ ಕೂಡ ಅವರವರದು. ಕಾಸ್ಟಿಂಗ್‌ನವರು ನಟರಾಗಿ ಬಂದು ನೆಲದ ಮೇಲೆ ಬೆವರು ಹರಿಸುವುದಾದರೆ ಸ್ವಾಗತ, ಕುರ್ಚಿಯಲ್ಲಿ ಕೂತು ನೋಡುವುದಾದರೆ ಇಲ್ಲ. ನೋಡುವವರು ಬಂದ ದಿನ ಎಲ್ಲರೂ ತಮಗೆ ಬರುವುದನ್ನೇ ಮಾಡಿ ತೋರಿಸುತ್ತಾರೆ, ಬಾರದ್ದನ್ನು ಯಾರೂ ಮುಟ್ಟುವುದಿಲ್ಲ.

ಗುರು ಇಲ್ಲ ಅನ್ನೋದು ಇನ್ನೊಂದು. ಪ್ರತಿ ತಿಂಗಳು ಒಬ್ಬರು ಜವಾಬ್ದಾರಿ ಇಟ್ಟುಕೊಳ್ಳುತ್ತಾರೆ. ಹೊತ್ತು ನೋಡುವುದು, ಜೋಡಿ ಮಾಡುವುದು, ಬೀಗ ಹಾಕುವುದು ಅವರ ಕೆಲಸ. ಕೇಳದೆ ಯಾರೂ ಯಾರಿಗೂ ಸಲಹೆ ಕೊಡುವ ಹಾಗಿಲ್ಲ. "ಹೇಗಿತ್ತು?" ಅಂತ ಮಾಡಿದವರೇ ಕೇಳಿದರೆ, ಎಲ್ಲಿ ನಂಬಿದೆ, ಎಲ್ಲಿ ನಂಬಲಿಲ್ಲ ಅಂತ ಅಷ್ಟೇ ಹೇಳಬೇಕು. ಹೇಗೆ ಮಾಡಬೇಕು ಅಂತ ಮಾಡಿ ತೋರಿಸಬಾರದು. ನಾನು ಇದರಲ್ಲಿ ತುಂಬಾ ಕಟ್ಟುನಿಟ್ಟು, ಯಾಕಂದರೆ ಹತ್ತು ವರ್ಷದ ಅನುಭವ ಇದ್ದವರು ನಿನ್ನೆ ಬಂದವರಿಗೆ ಪಾಠ ಮಾಡಲು ಶುರು ಮಾಡಿದರೆ ಆ ಹತ್ತು ವರ್ಷದವರ ತಾಲೀಮೂ ಹೋಗುತ್ತದೆ, ಹೊಸಬರ ಧೈರ್ಯವೂ ಹೋಗುತ್ತದೆ.

ಯಾರು ಬರಬಹುದು? ನಟನೆಯಲ್ಲೇ ಬದುಕುತ್ತಿರುವವರು, ಬದುಕಲು ನೋಡುತ್ತಿರುವವರು. ಎಷ್ಟು ಕೆಲಸ ಮಾಡಿದ್ದೀರಿ ಅಂತ ಕೇಳುವುದಿಲ್ಲ. ಮೊದಲ ಮೂರು ಸಲ ಹೊತ್ತಿಗೆ ಸರಿಯಾಗಿ ಬರಬೇಕು, ಅಷ್ಟೇ ಪರೀಕ್ಷೆ. ಒಂದೂ ನಲವತ್ತಕ್ಕೆ ಬಾಗಿಲು ಹಾಕುತ್ತೇವೆ.

ಮೂರು ಗಂಟೆಯಲ್ಲಿ ಏನು ಮಾಡುವುದು

ಮೊದಲು ಗುಡಿಸುವುದು. ಪೈಲ್ವಾನರು ಮಣ್ಣು ಹದ ಮಾಡಿದ ಹಾಗೆ. ಮಳೆಗಾಲದಲ್ಲಿ ಒಣ ಬಟ್ಟೆಯಲ್ಲಿ ಒರೆಸಿಯೂ ಬಿಡಿ, ಒದ್ದೆ ಟೈಲ್ಸ್ ಮೇಲೆ ಜಾರಿ ನಮ್ಮವರೊಬ್ಬರು ಮಣಿಕಟ್ಟು ಮುರಿದುಕೊಂಡಿದ್ದಾರೆ. ಆಮೇಲೆ ಅರ್ಧ ಗಂಟೆ ಮೈ, ಉಸಿರು, ಧ್ವನಿ. ಬಾಯಿ ಮುಚ್ಚಿ ಗುಂಯ್‌ಗುಡುವುದು, ತುಟಿ ಬಡಿಸುವುದು, ನಿಧಾನ ನಡೆಯಿಂದ ಓಟದವರೆಗೆ ಹೋಗಿ ಒಟ್ಟಿಗೆ ನಿಲ್ಲುವುದು. ಯಕ್ಷಗಾನದ ಹೆಜ್ಜೆ ಗೊತ್ತಿರುವವರು ಇದ್ದರೆ ಅದನ್ನೇ ಹಾಕಿಸಿ, ಕಾಲು ಕಿವಿ ಎರಡೂ ಎಚ್ಚರ ಆಗುತ್ತವೆ. ಕೆಳಗಿನ ಮಹಡಿಯಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ.

ನಂತರ ಭಾಷೆ. ಕನ್ನಡದ ನಟರಿಗೆ ಇದು ಬೇರೆಯವರಿಗಿಂತ ಜಾಸ್ತಿ ಬೇಕು. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಹಿಂದಿಯಲ್ಲಿ ಎಷ್ಟೋ ಪದ ವ್ಯಂಜನದಲ್ಲೇ ನಿಲ್ಲುತ್ತದೆ. ನಾವು ಗೊತ್ತಿಲ್ಲದೆ ಕೊನೆಗೊಂದು ಸಣ್ಣ 'ಉ' ಸೇರಿಸಿಬಿಡುತ್ತೇವೆ. ಮಾತಿನಲ್ಲಿ ಮಹಾಪ್ರಾಣ ಸಡಿಲ. ಸ್ತ್ರೀಲಿಂಗ ಪುಲ್ಲಿಂಗದ ಗೊಂದಲ ಅಂತೂ ಹೇಳುವುದೇ ಬೇಡ, ನಮ್ಮಲ್ಲಿ ಕುರ್ಚಿಗೆ ಲಿಂಗ ಇಲ್ಲ, ಅವರಲ್ಲಿ ಇದೆ. ಆದರೆ ಮರಾಠಿಯ 'ಳ' 'ಣ' ಹಿಂದಿಯವರಿಗೆ ಕಷ್ಟ, ನಮಗೆ ಮನೆಯ ಅಕ್ಷರ. ಅದಕ್ಕೇ ಜೋಡಿ ಮಾಡುವಾಗ ಬೇರೆ ಬೇರೆ ಭಾಷೆಯವರನ್ನು ಸೇರಿಸುತ್ತೇವೆ. ಒಬ್ಬರು ಒಂದು ವಾಕ್ಯ ಹೇಳುವುದು, ಇನ್ನೊಬ್ಬರು ಕೇಳಿ ತಿದ್ದುವುದು. ಇದಕ್ಕೆ ಮಾತ್ರ ಕೇಳದೆ ತಿದ್ದಬಹುದು.

ಒಂದು ಗಂಟೆ ದೃಶ್ಯದ ಕೆಲಸ. ಅಮೆರಿಕದ ಸ್ಯಾನ್‌ಫೋರ್ಡ್ ಮೈಸ್ನರ್ ಮಾಡಿಸುತ್ತಿದ್ದ ಪುನರಾವರ್ತನೆಯ ಅಭ್ಯಾಸದಿಂದ ಶುರು ಮಾಡುತ್ತೇವೆ. ಇಬ್ಬರು ಎದುರು ಬದುರು ಕೂರುವುದು. "ನೀಲಿ ಅಂಗಿ ಹಾಕಿದ್ದೀಯ." "ನೀಲಿ ಅಂಗಿ ಹಾಕಿದ್ದೀನಿ." ಅದನ್ನೇ ಹೇಳುತ್ತಾ ಹೋಗುವುದು, ಎದುರಿನವರ ಮುಖದಲ್ಲಿ ಏನೋ ಬದಲಾದಾಗ ನಿಮ್ಮ ದನಿಯೂ ತಾನೇ ಬದಲಾಗುತ್ತದೆ. ನೀವು ಬೇಕು ಅಂತ ಬದಲಿಸಬಾರದು. ಇದನ್ನು ಕನ್ನಡದಲ್ಲೇ ಮಾಡಿ ನೋಡಿ. ಬಾಯಿಪಾಠದ ಹಿಂದಿಯ ಹಿಂದೆ ಅವಿತಿದ್ದ ನಟ ಹೊರಗೆ ಬರುತ್ತಾನೆ. ಹೊಸಬರಿಗಿಂತ ಹಳಬರಿಗೆ ಇದರಿಂದ ಅಳು ಬಂದದ್ದನ್ನು ನಾನು ಜಾಸ್ತಿ ನೋಡಿದ್ದೇನೆ.

ಉಳಿದ ಹೊತ್ತು ದೃಶ್ಯದ ಕಾಗದ ಕೈಗೆ ಸಿಕ್ಕ ಹತ್ತು ನಿಮಿಷದಲ್ಲಿ ಓದಿ ಮಾಡುವುದು, ಮತ್ತು ಸೆಲ್ಫ್ ಟೇಪ್, ಅಂದರೆ ನಾವೇ ಫೋನಿನಲ್ಲಿ ಆಡಿಷನ್ ವಿಡಿಯೋ ಮಾಡಿ ಕಳಿಸುವುದು. ಫೋನು ಕಣ್ಣಿನ ಮಟ್ಟಕ್ಕೆ, ಅಡ್ಡಕ್ಕೆ. ಬೆಳಕು ಮುಖದ ಮುಂದಿನ ಕಿಟಕಿಯಿಂದ, ಬೆನ್ನ ಹಿಂದೆ ಕಿಟಕಿ ಬೇಡ. ಹಿಂದೆ ಖಾಲಿ ಗೋಡೆ. ಎದುರಿನ ಪಾತ್ರದ ಮಾತು ಓದುವವರು ಲೆನ್ಸಿನ ಪಕ್ಕಕ್ಕೇ ನಿಲ್ಲಲಿ ಮತ್ತು ಮೆತ್ತಗೆ ಓದಲಿ, ಮೈಕು ಅವರ ಹತ್ತಿರ ಇರುತ್ತದೆ. ಟೇಕ್ ಹೊತ್ತಿನಲ್ಲಿ ಫ್ಯಾನ್ ಆರಿಸಿ. ಒಬ್ಬೊಬ್ಬರಿಗೆ ಮೂರು ಟೇಕ್, ಅದಕ್ಕಿಂತ ಜಾಸ್ತಿ ಇಲ್ಲ. ಬೇರೆ ಹೊತ್ತಿನಲ್ಲಿ ಫೋನುಗಳೆಲ್ಲ ಚೀಲದಲ್ಲಿ, ಕೇಳದೆ ಯಾರ ವಿಡಿಯೋವನ್ನೂ ತೆಗೆಯುವ ಹಾಗಿಲ್ಲ.

ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬರುವ ಹಾಗಿರಬೇಕು

ಇದನ್ನು ಮೊದಲ ದಿನವೇ ಮಾಡಿ, ಏನಾದರೂ ಆದ ಮೇಲೆ ಅಲ್ಲ. ಬಾಗಿಲಿಗೆ ಬೀಗ ಹಾಕಿ ಒಳಗೆ ತಾಲೀಮು ಇಲ್ಲ, ಚಿಲಕ ಹೊರಗಿನಿಂದ ತೆಗೆಯುವ ಹಾಗಿರಲಿ. ಇಬ್ಬರೇ ಬಂದ ದಿನ ಇಬ್ಬರಿಗೂ ಒಪ್ಪಿಗೆ ಇದ್ದರೆ ಮಾತ್ರ ಒಳಗೆ, ಇಲ್ಲದಿದ್ದರೆ ಗಾರ್ಡನ್‌ಗೆ ನಡೆಯಿರಿ. ಮುಟ್ಟುವ ದೃಶ್ಯ ಇದ್ದರೆ ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ ಅಂತ ಮೊದಲು ಬಾಯಿಬಿಟ್ಟು ಮಾತಾಡಿ, ಮೂರನೆಯವರ ಎದುರು. ಹೊಡೆತ ಯಾವತ್ತೂ ನಿಜದ್ದಲ್ಲ, ಕಪಾಳಕ್ಕೆ ಹೊಡೆಯುವುದೂ ಅಲ್ಲ. "ಸಾಕು" ಅಂದರೆ ಆ ಕ್ಷಣಕ್ಕೆ ನಿಲ್ಲಬೇಕು. ದೂರು ಕೇಳಲು ಇಬ್ಬರಿರಲಿ, ಒಬ್ಬರಾದರೂ ಹೆಣ್ಣುಮಗಳಾಗಿರಲಿ, ಇಬ್ಬರ ನಂಬರೂ ಗೋಡೆಯ ಮೇಲೆ ಇರಲಿ. ಒಬ್ಬರ ಮೇಲೆ ದೂರು ಬಂದರೆ ಅದು ತೀರ್ಮಾನ ಆಗುವವರೆಗೆ ಆ ಮನುಷ್ಯ ಬರುವ ಹಾಗಿಲ್ಲ, ಎಷ್ಟು ದೊಡ್ಡ ನಟ ಆಗಿದ್ದರೂ. ನಾವು ಒಮ್ಮೆ ಹೀಗೆ ಒಬ್ಬರನ್ನು ನಿಲ್ಲಿಸಿದೆವು. ಬೇಸರದ ಕೆಲಸ. ಆದರೆ ಮುಂದಿನ ತಿಂಗಳು ಹೊಸದಾಗಿ ನಾಲ್ಕು ಹುಡುಗಿಯರು ಬಂದರು.

ಹಾಲ್ ಸಿಗದ ದಿನ

ಮದುವೆ ಸೀಸನ್, ಗಣಪತಿ, ನವರಾತ್ರಿ, ಸಂಘದ ವಾರ್ಷಿಕೋತ್ಸವ, ಇವುಗಳಲ್ಲಿ ಹಾಲ್ ಹೋಗುತ್ತದೆ. ಒಂದು ಮಾತೂ ಆಡದೆ ಬಿಟ್ಟುಕೊಡಿ. ಆದರೆ ತಾಲೀಮು ಬಿಡಬೇಡಿ. ಮಾಟುಂಗಾದಲ್ಲಾದರೆ ಫೈವ್ ಗಾರ್ಡನ್ಸ್ ಇದೆ, ಬಾಂದ್ರಾದಲ್ಲಿ ಕಾರ್ಟರ್ ರೋಡಿನ ಕಡಲ ದಂಡೆ ಇದೆ. ಮುನಿಸಿಪಾಲಿಟಿ ಗಾರ್ಡನ್‌ಗಳಿಗೆ ಮಧ್ಯಾಹ್ನ ಗೇಟ್ ಹಾಕಿರುವುದುಂಟು, ಹಿಂದಿನ ದಿನವೇ ಹೊತ್ತು ನೋಡಿಕೊಂಡು ಬನ್ನಿ. ಅಲ್ಲಿ ಕೂಗಾಟದ ದೃಶ್ಯ ಬೇಡ, ಇಬ್ಬರು ಪಿಸುಮಾತಿನಲ್ಲಿ ಜಗಳ ಆಡುವ ದೃಶ್ಯ ಮಾಡಿ. ಬೆಂಚಿನ ಮೇಲೆ ಕೂತ ಅಜ್ಜಂದಿರಿಗೆ ಅದು ನಾಟಕ ಅಂತ ಗೊತ್ತಾಗದಿದ್ದರೆ ಅಂದಿನ ತಾಲೀಮು ಚೆನ್ನಾಗಿ ಆಯಿತು ಅಂತ ಲೆಕ್ಕ.

ಕಳೆದ ಗಣಪತಿಯ ವಾರ ನಾವು ಮೂವರೇ ಇದ್ದೆವು, ಮಳೆ ಬೇರೆ. ಸಂಘದ ಮೆಟ್ಟಿಲ ಕೆಳಗೆ ನಿಂತು ಒಂದೂವರೆ ಗಂಟೆ ಓದಿದೆವು. ವಾಚ್‌ಮನ್ ಕಾಕಾ ತಮ್ಮ ಸ್ಟೂಲನ್ನು ನಮ್ಮ ಕಡೆ ತಿರುಗಿಸಿಕೊಂಡು ಕೂತು ಪೂರ್ತಿ ಕೇಳಿದರು, ಮುಗಿದ ಮೇಲೆ "ಗುರುವಾರ ಕೋಣೆ ಖಾಲಿ ಇದೆ, ಬನ್ನಿ" ಅಂತ ಅವರೇ ಹೇಳಿದರು.